ಮಕ್ಕಳು ಬರೆದ ಕಥೆಯನ್ನು ಮಕ್ಕಳೇ ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕನ್ನಡ ಶಿಕ್ಷಕರು ಕ್ಲಸ್ಟರ್ ಸಭೆಗಳ ಬಿಡುವಿನಲ್ಲಿ, ಪತ್ರಗಳಲ್ಲಿ ಮತ್ತು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಪ್ರಬಂಧ, ಪತ್ರಲೇಖನಗಳ ಗೊಡವೆ ಇಲ್ಲಿಲ್ಲ. ಮಕ್ಕಳು ತಮಗೆ ನಡೆದದ್ದನ್ನು ಅಥವಾ ತಾವೇ ಕಟ್ಟಿದ್ದನ್ನು ಕಥೆಯಾಗಿ ಬರೆಯುವ ಬರವಣಿಗೆಗೆ ಮಾತ್ರ ಈ ಉತ್ತರಗಳು ಸಂಬಂಧಿಸಿವೆ. ಉದಾಹರಣೆಯಾಗಿ ಕೊಟ್ಟಿರುವ ಬರಹ ಯಾವುದೇ ಒಂದು ಮಗುವಿನದಲ್ಲ. ಅಂಥ ಹಲವು ಬರಹಗಳನ್ನು ಓದಿದ ನೆನಪಿನಿಂದ ರೂಪಿಸಿದ್ದು.

## ಮೊದಲ ಪ್ರಶ್ನೆಗಳು

ತಿದ್ದೋದು ಅಂದ್ರ ಕಾಗುಣಿತ ನೋಡೋದ ಅಲ್ಲೇನ್ರಿ? ಅದನ್ನ ನಾವು ಮೊದಲಿಂದನೂ ಮಾಡ್ಕೋತ ಬಂದೀವಲ್ಲ.

ಕಾಗುಣಿತ ನೋಡುವುದು ಬೇಕಾದ ಕೆಲಸವೇ, ಆದರೆ ಅದು ಕೊನೆಯ ಕೆಲಸ. ಮಗು ‘ಹೊಲಕ್ಕೆ’ ಎಂಬುದನ್ನು ‘ಹೊಲಕೆ’ ಎಂದು ಬರೆದಿದ್ದರೆ ಓದುವವನಿಗೆ ಅರ್ಥವಾಗದೆ ಹೋಗುವುದಿಲ್ಲ. ಹೊಲಕ್ಕೆ ಹೋದವರು ಯಾರು, ಅಲ್ಲಿ ಏನಾಯಿತು, ಅಷ್ಟೊಂದು ಗದ್ದಲ ಯಾಕೆ ಎದ್ದಿತು ಎಂಬುದು ಕಥೆಯಲ್ಲಿ ಇಲ್ಲದಿದ್ದರೆ ಮಾತ್ರ ಏನೂ ಅರ್ಥವಾಗುವುದಿಲ್ಲ. ಕಥೆಯನ್ನು ತಿದ್ದುವುದೆಂದರೆ ಬಿಟ್ಟುಹೋದದ್ದನ್ನು ಸೇರಿಸುವುದು, ಬೇಡವಾದದ್ದನ್ನು ತೆಗೆಯುವುದು, ಹಿಂದಿನದನ್ನು ಮುಂದಕ್ಕೆ ತರುವುದು, ಹೇಳಿದ ಬಗೆಯನ್ನೇ ಬದಲಿಸುವುದು. ಈ ನಾಲ್ಕೂ ಮುಗಿಯುವ ಮುನ್ನ ಒತ್ತಕ್ಷರಗಳನ್ನು ಸರಿಪಡಿಸಲು ಹೊರಟರೆ, ಮುಂದೆ ಕಿತ್ತುಹಾಕಲಿರುವ ವಾಕ್ಯವನ್ನೇ ಶ್ರಮಪಟ್ಟು ಶುದ್ಧ ಮಾಡಿದಂತಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಒಮ್ಮೆ ಶುದ್ಧವಾಗಿ ಬರೆದ ವಾಕ್ಯವನ್ನು ಕಾಟು ಹೊಡೆಯಲು ಯಾವ ಮಗುವಿಗೂ ಮನಸ್ಸು ಬರುವುದಿಲ್ಲ.

ಯಾವ ತರಗತಿಯಿಂದ ಶುರು ಮಾಡಬೇಕು? ಒಂದನೇತ್ತಾ ಮಕ್ಕಳಿಗೆ ಅಕ್ಷರಾನೇ ಕೂಡಿಸ್ಲಿಕ್ಕ ಬರಂಗಿಲ್ಲ.

ಅಕ್ಷರ ಕೂಡಿಸಲು ಬರುವ ಮುಂಚೆಯೇ ಶುರು ಮಾಡಬಹುದು. ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿ ತರಗತಿಯಲ್ಲಿ ಮಗು ಚಿತ್ರ ಬರೆದು ಅದರ ಕಥೆ ಹೇಳುತ್ತದೆ. ‘ಇದು ನಮ್ಮ ಆಡು, ಇದು ನಾಯಿ’ ಎಂದು ಅದು ನಿಲ್ಲಿಸಿದಾಗ, ‘ನಾಯಿ ಬಂದಾಗ ಆಡು ಏನ್ ಮಾಡ್ತು?’ ಎಂದು ಕೇಳಿದರೆ ಮಗು ಬಾಯಲ್ಲಿ ಒಂದು ಮಾತು ಸೇರಿಸಿ, ಚಿತ್ರದಲ್ಲಿ ಒಂದು ಗೆರೆಯನ್ನೂ ಸೇರಿಸುತ್ತದೆ. ಒಮ್ಮೆ ಮಾಡಿದ್ದನ್ನು ಮತ್ತೆ ತೆರೆದು ಬದಲಿಸಬಹುದು ಎಂಬ ಅಭ್ಯಾಸಕ್ಕೆ ಅಷ್ಟೇ ಸಾಕು. ಮೂರನೇ ತರಗತಿಯ ಹೊತ್ತಿಗೆ ಬರಹದಲ್ಲಿ ಒಂದೆರಡು ವಾಕ್ಯ ಸೇರಿಸುವುದನ್ನು, ಐದರ ಹೊತ್ತಿಗೆ ತೆಗೆಯುವುದನ್ನು ಮತ್ತು ಸ್ಥಳ ಬದಲಿಸುವುದನ್ನು ಕಲಿಸಬಹುದು. ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಆ ಕ್ರಮವನ್ನು ತಲೆಕೆಳಗು ಮಾಡಬಾರದು.

ಹುಡುಗರು ‘ಬರ್ದು ಮುಗೀತ್ರಿ ಸರ್’ ಅಂತ ನೋಟ್‌ಬುಕ್ ಮುಚ್ಚೇ ಬಿಡ್ತಾರ. ಮತ್ತ ತೆರೀರಿ ಅಂದ್ರ ಮುಖ ಸಣ್ಣ ಮಾಡ್ತಾರ. ಏನ್ ಮಾಡೋದು?

ಇದಕ್ಕೆ ಎರಡು ಕಾರಣಗಳಿವೆ, ಅವುಗಳ ಪರಿಹಾರವೂ ಬೇರೆ ಬೇರೆ.

ಮೊದಲನೆಯದು ಕೈನೋವು. ‘ತಿದ್ದಿ ಬರಿ’ ಎಂದರೆ ಇಡೀ ಕಥೆಯನ್ನು ಮೊದಲಿನಿಂದ ಮತ್ತೊಮ್ಮೆ ಬರೆಯುವುದು ಎಂದೇ ಮಕ್ಕಳು ತಿಳಿದಿರುತ್ತಾರೆ, ಮತ್ತು ನಮ್ಮ ಶಾಲೆಗಳಲ್ಲಿ ಹತ್ತು ಸಲ ಬರೆಸುವುದು ಶಿಕ್ಷೆಯಾಗಿಯೂ ಬಳಕೆಯಲ್ಲಿರುವುದರಿಂದ ಹಾಗೆ ತಿಳಿಯುವುದರಲ್ಲಿ ಅವರ ತಪ್ಪಿಲ್ಲ. ಆದ್ದರಿಂದ ಮೊದಲ ಕರಡನ್ನು ಬರೆಸುವಾಗಲೇ ತಿದ್ದಲು ಜಾಗ ಉಳಿಸಬೇಕು. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಲಿ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಲಿ. ಮಧ್ಯೆ ವಾಕ್ಯ ಸೇರಬೇಕಾದರೆ ಬಾಣದ ಗುರುತು ಹಾಕಿ ಅಂಚಿನಲ್ಲಿ ಬರೆಯಲಿ. ನಾಲ್ಕು ವಾಕ್ಯ ಸೇರಬೇಕಾದರೆ ಬೇರೆ ಚೀಟಿಯಲ್ಲಿ ಬರೆದು ಅಂಟಿಸಲಿ. ಆರಂಭವೇ ಬದಲಾಗಬೇಕಾದರೆ ಹಾಳೆಯನ್ನು ಕತ್ತರಿಯಿಂದ ಎರಡು ತುಂಡು ಮಾಡಿ, ಕೆಳಗಿನದನ್ನು ಮೇಲಕ್ಕಿಟ್ಟು ಓದಿ ನೋಡಲಿ. ಬರೆದದ್ದನ್ನು ಕತ್ತರಿಸಲು ಗುರುಗಳೇ ಅನುಮತಿ ಕೊಟ್ಟ ದಿನ ಮಕ್ಕಳಿಗೆ ಆಗುವ ಅಚ್ಚರಿಯನ್ನು ನೋಡಿಯೇ ತಿಳಿಯಬೇಕು. ಶುದ್ಧ ಪ್ರತಿ ಬೇಕೆಂದರೆ ಎಲ್ಲ ಬದಲಾವಣೆ ಮುಗಿದ ಮೇಲೆ ಒಂದೇ ಸಲ.

ಎರಡನೆಯದು ಕಣ್ಣಿನ ತೊಂದರೆ. ಬರೆದ ಮಗುವಿನ ತಲೆಯಲ್ಲಿ ಪೂರ್ತಿ ಕಥೆ ಇರುತ್ತದೆ. ಕಾಗದದಲ್ಲಿ ಅರ್ಧವೇ ಇದ್ದರೂ ಓದುವಾಗ ಉಳಿದರ್ಧವನ್ನು ಅದು ತಾನಾಗಿ ತುಂಬಿಕೊಳ್ಳುತ್ತದೆ, ಹಾಗಾಗಿ ಕೊರತೆ ಕಾಣುವುದೇ ಇಲ್ಲ. ಇದು ಸೋಮಾರಿತನವಲ್ಲ. ಬರೆದ ದಿನವೇ ತಿದ್ದಿಸದೆ ಒಂದು ವಾರ ಬಿಟ್ಟು ತೆರೆಯುವುದು ಇದಕ್ಕೊಂದು ಉಪಾಯ. ಇನ್ನೊಬ್ಬರ ಬಾಯಿಂದ ತನ್ನ ಕಥೆಯನ್ನು ಕೇಳಿಸಿಕೊಳ್ಳುವುದು ಇನ್ನೂ ಒಳ್ಳೆಯ ಉಪಾಯ, ಏಕೆಂದರೆ ಗೆಳೆಯ ಓದುತ್ತಾ ತಡವರಿಸಿದ ಜಾಗ ಬರೆದವನಿಗೆ ತಕ್ಷಣ ಗೊತ್ತಾಗುತ್ತದೆ.

ಕೆಂಪು ಶಾಯಿ ಬಳಸಲೇಬಾರದಾ?

ಶಾಯಿಯ ಬಣ್ಣದಿಂದ ಏನೂ ಕೆಡುವುದಿಲ್ಲ. ಮಗುವಿನ ವಾಕ್ಯದ ಮೇಲೆ ಗುರುಗಳು ತಮ್ಮ ವಾಕ್ಯವನ್ನು ಬರೆಯುವುದರಿಂದ ಕೆಡುತ್ತದೆ. ಹಸಿರು ಶಾಯಿಯಲ್ಲಿ ಬರೆದರೂ ಅಷ್ಟೇ. ಕಥೆ ತಿದ್ದುವ ದಿನ ಪೆನ್ನು ಜೇಬಿನಲ್ಲಿರಲಿ, ಮಗುವಿನ ಹಾಳೆಯ ಮೇಲೆ ಮಗುವಿನ ಕೈ ಮಾತ್ರ ಆಡಲಿ.

## ತರಗತಿಯೊಳಗೆ

ಮಾತು ಸಾಕ್ರಿ. ಒಂದು ಕಥಿ ತಗೊಂಡು ಮೊದಲಿಂದ ಕೊನೀತನಕ ಹೆಂಗ ತಿದ್ದಿಸ್ತೀರಿ, ಅದನ್ನ ತೋರಿಸ್ರಿ.

ಐದನೇ ತರಗತಿಯ ಒಂದು ಮಗು ಎಳ್ಳ ಅಮಾವಾಸ್ಯೆಯ ಮರುದಿನ ಹೀಗೆ ಬರೆಯುತ್ತದೆ ಎಂದುಕೊಳ್ಳೋಣ (ಚರಗ ಚೆಲ್ಲುವುದೆಂದರೆ ಹಬ್ಬದ ಅಡುಗೆಯನ್ನು ಹೊಲದಲ್ಲಿ ಚೆಲ್ಲಿ ಭೂಮಿತಾಯಿಗೆ ಅರ್ಪಿಸುವುದು):

‘ನಾವು ಎಳ್ಳ ಅಮಾಸಿಗೆ ಹೊಲಕ್ಕೆ ಹೋದೆವು. ಆಮೇಲೆ ಪೂಜೆ ಮಾಡಿದೆವು. ಆಮೇಲೆ ಚರಗ ಚೆಲ್ಲಿದೆವು. ಆಮೇಲೆ ಬಜ್ಜಿ ರೊಟ್ಟಿ ಅಂಬಲಿ ಊಟ ಮಾಡಿದೆವು. ಆಮೇಲೆ ಎತ್ತು ಓಡಿ ಹೋಯಿತು. ಆಮೇಲೆ ಹಿಡಿದೆವು. ಆಮೇಲೆ ಮನೆಗೆ ಬಂದೆವು. ತುಂಬಾ ಖುಷಿ ಆಯಿತು.’

ಈ ಬರಹದಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಹತ್ತಕ್ಕೆ ಎಂಟು ಅಂಕ ಸಿಗುವ ಬರಹ ಇದು, ಮತ್ತು ಎಂಟು ಅಂಕ ಸಿಕ್ಕಿತೆಂದರೆ ಇಲ್ಲಿಗೇ ಸತ್ತುಹೋಗುವ ಬರಹ.

ಮೊದಲು ಗುರುಗಳು ಇದನ್ನು ತರಗತಿಗೆ ಗಟ್ಟಿಯಾಗಿ, ಗೌರವದಿಂದ ಓದಬೇಕು. ಓದಿದ ಮೇಲೆ ‘ಇದರಾಗ ನಿಮಗ ಇನ್ನೂ ಕೇಳಬೇಕು ಅನ್ನಿಸಿದ್ದು ಯಾವ ಜಾಗ?’ ಎಂಬ ಒಂದೇ ಪ್ರಶ್ನೆ. ಹಳ್ಳಿಯ ಶಾಲೆಯಾದರೆ ಉತ್ತರಕ್ಕೆ ಕಾಯಬೇಕಾಗಿಲ್ಲ. ಪೂಜೆ ಮತ್ತು ಊಟ ಎಲ್ಲರ ಮನೆಯಲ್ಲೂ ಆಗಿವೆ. ಎತ್ತು ಓಡಿದ್ದು ಈ ಮನೆಯಲ್ಲಿ ಮಾತ್ರ. ‘ಎತ್ತು ಯಾಕ ಓಡ್ತು?’, ‘ಯಾರು ಹಿಡಿದ್ರು?’, ‘ಎಲ್ಲಿತನಕ ಹೋಗಿತ್ತು?’ ಎಂದು ಮಕ್ಕಳೇ ಕೇಳುತ್ತಾರೆ. ಆಗ ಬರೆದ ಮಗು ಎದ್ದುನಿಂತು ಬಾಯಲ್ಲಿ ಹೇಳಲು ಶುರುಮಾಡುತ್ತದೆ, ಮತ್ತು ಬರಹದಲ್ಲಿ ಮೂರು ಪದವಿದ್ದದ್ದು ಬಾಯಲ್ಲಿ ಮೂರು ನಿಮಿಷವಾಗುತ್ತದೆ. ಆ ಹೊತ್ತಿಗೆ ಗುರುಗಳು ಮಾಡಬೇಕಾದದ್ದು ಇಷ್ಟೇ: ‘ಈಗ ಹೇಳಿದೆಲ್ಲಾ, ಅದು ಹಾಳ್ಯಾಗ ಎಲ್ಲಿ ಅದ?’ ಎಂದು ಕೇಳಿ, ಮಗು ಹಾಳೆಯನ್ನು ನೋಡುವವರೆಗೆ ಸುಮ್ಮನಿರುವುದು.

ಮುಂದಿನ ಅವಧಿಯಲ್ಲಿ ಮಗು ಎತ್ತಿನ ಭಾಗವನ್ನು ಬೇರೆ ಚೀಟಿಯಲ್ಲಿ ಬರೆಯುತ್ತದೆ:

‘ಚರಗ ಚೆಲ್ಲಿ ಬಂದು ಬೇವಿನ ಗಿಡದ ಕೆಳಗೆ ಉಣ್ಣಲು ಕುಂತಿದ್ದೆವು. ಸಣ್ಣ ಎತ್ತು ಕಣ್ಣಿ ಹರಕೊಂಡು ತೊಗರಿಯೊಳಗೆ ನುಗ್ಗಿತು. ಕಾಕಾ ಕೈಯಾಗಿನ ಸಜ್ಜಿ ರೊಟ್ಟಿ ಬಿಡದೆ ಓಡಿದ. ನಾನು ಆ ಕಡೆಯಿಂದ ಅಡ್ಡ ಹೋದೆ. ಏ ಎದುರಿಗಿ ನಿಂದ್ರಬ್ಯಾಡ ಅಂತ ಅವ್ವ ಚೀರಿದಳು. ಎತ್ತು ನನ್ನ ನೋಡಿ ನಿಂತಿತು. ಕಾಕಾ ರೊಟ್ಟಿ ತೋರಿಸಿದ. ಅದು ರೊಟ್ಟಿ ತಿನಕೋತ ಅವನ ಹಿಂದ ಬಂತು.’

ಇಷ್ಟಾದ ಮೇಲೆ ಉಳಿದ ಸಾಲುಗಳ ಗತಿಯೇನು ಎಂದು ಮಗುವನ್ನೇ ಕೇಳಬೇಕು. ಸಾಮಾನ್ಯವಾಗಿ ಮನೆಗೆ ಬಂದದ್ದನ್ನು ಮಗು ತೆಗೆಯುತ್ತದೆ. ಪೂಜೆಯನ್ನು ತೆಗೆಯಲು ಹೆದರುತ್ತದೆ, ದೇವರ ವಿಷಯವಲ್ಲವೇ. ಉಳಿಸಿಕೊಳ್ಳಲಿ. ‘ತುಂಬಾ ಖುಷಿ ಆಯಿತು’ ಎಂಬ ಸಾಲನ್ನು ಮಾತ್ರ ನಾನು ಪ್ರಶ್ನಿಸದೆ ಬಿಡುವುದಿಲ್ಲ: ಎತ್ತು ಎದುರಿಗೆ ನಿಂತಾಗಲೂ ಖುಷಿಯಾಗಿತ್ತೇ? ಈ ಪ್ರಶ್ನೆಗೆ ಮಗು ನಕ್ಕು, ಆ ಸಾಲಿಗೆ ತಾನೇ ಗೆರೆ ಎಳೆಯುವುದುಂಟು. ಉದ್ಧರಣ ಚಿಹ್ನೆ ಹಾಕುವುದು, ‘ಕುಂತಿದ್ದೆವು’ ಎಂಬುದು ಹಾಗೆಯೇ ಇರಬೇಕೋ ‘ಕುಳಿತಿದ್ದೆವು’ ಆಗಬೇಕೋ ಎಂದು ತೀರ್ಮಾನಿಸುವುದು, ಇವೆಲ್ಲ ಮೂರನೆಯ ದಿನದ ಕೆಲಸ.

ಮಗುವಿಗೆ ಏನಂತ ಕೇಳಬೇಕು? ‘ಇನ್ನೂ ಸ್ವಲ್ಪ ವಿವರಿಸಿ ಬರಿ’ ಅಂದ್ರೆ ಎಲ್ಲಾ ಕಡೆ ‘ತುಂಬಾ’, ‘ಸುಂದರವಾದ’ ಅಂತ ಸೇರಿಸ್ತಾರೆ.

‘ವಿವರಿಸು’ ಎಂಬುದು ಪ್ರಶ್ನೆಯಲ್ಲ, ಆಜ್ಞೆ. ಆಜ್ಞೆಗೆ ಮಕ್ಕಳು ವಿಶೇಷಣಗಳನ್ನು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಉತ್ತರ ಗೊತ್ತಿಲ್ಲದವರು ಕೇಳುವಂಥ ಪ್ರಶ್ನೆಗಳನ್ನು ಕೇಳಬೇಕು: ‘ಆವಾಗ ನೀ ಎಲ್ಲಿ ನಿಂತಿದ್ದಿ?’, ‘ಕಾಕಾ ಏನಂದ, ಅಂವ ಅಂದಂಗ ಅಂದು ತೋರಿಸು’, ‘ಅವ್ವಗ ಸಿಟ್ಟು ಬಂದಿತ್ತು ಅಂತ ಬರ್ದಿ, ಅದು ನಿನಗ ಹೆಂಗ ಗೊತ್ತಾಯ್ತು?’ ಈ ಕೊನೆಯ ಪ್ರಶ್ನೆ ಬಹಳ ಬೆಲೆಯುಳ್ಳದ್ದು. ಅವ್ವನ ಸಿಟ್ಟು ಗೊತ್ತಾದದ್ದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡದ್ದರಿಂದಲೋ, ಮಾತು ನಿಲ್ಲಿಸಿದ್ದರಿಂದಲೋ ಆಗಿರುತ್ತದೆ, ಮತ್ತು ಬರಹಕ್ಕೆ ಬೇಕಾದದ್ದು ಅದೇ. ಒಂದು ಸಲ ಕೂತಾಗ ಎರಡಕ್ಕಿಂತ ಹೆಚ್ಚು ಪ್ರಶ್ನೆ ಬೇಡ.

ನಾನೇ ಕಥಿ ಬರೆಯಾವಲ್ಲ. ನನಗ ಬರದಿದ್ದು ಮಕ್ಕಳಿಗೆ ಹೆಂಗ ಕಲಿಸ್ಲಿ?

ಕಥೆಗಾರರಾಗಬೇಕಿಲ್ಲ. ನಿಮಗೆ ನಡೆದ ಒಂದು ಸಣ್ಣ ಸಂಗತಿಯನ್ನು, ಬಸ್ಸು ತಪ್ಪಿದ್ದನ್ನೋ, ಕೊಡೆ ಕಳೆದದ್ದನ್ನೋ, ಕಪ್ಪುಹಲಗೆಯ ಮೇಲೆ ಐದಾರು ಸಾಲಿನಲ್ಲಿ ಬರೆಯಿರಿ. ಆಮೇಲೆ ಮಕ್ಕಳ ಎದುರಿನಲ್ಲೇ ಅದನ್ನು ತಿದ್ದಿ, ಮತ್ತು ತಿದ್ದುವಾಗ ಮನಸ್ಸಿನಲ್ಲಿ ನಡೆಯುವುದನ್ನು ಬಾಯಿಬಿಟ್ಟು ಹೇಳಿ: ‘ಇಲ್ಲಿ ಕಂಡಕ್ಟರ್ ಬರ್ತಾನ, ಆದ್ರ ಅಂವ ಎಲ್ಲಿಂದ ಬಂದ ಅಂತ ನಾ ಹೇಳೇ ಇಲ್ಲ. ಈ ಸಾಲು ಬ್ಯಾಡ ಅನ್ನಿಸ್ತದ, ಅಳಸ್ತೀನಿ. ಇಲ್ಲ, ಇರಲಿ.’ ಗುರುಗಳು ಅನುಮಾನಪಡುವುದನ್ನು ಮಕ್ಕಳು ಹೆಚ್ಚಾಗಿ ನೋಡಿರುವುದಿಲ್ಲ. ಇದನ್ನು ಒಮ್ಮೆ ಕಂಡ ಮೇಲೆ ತಮ್ಮ ಹಾಳೆಯ ಮೇಲೆ ಅನುಮಾನಪಡಲು ಅವರಿಗೂ ಧೈರ್ಯ ಬರುತ್ತದೆ.

ಪಕ್ಕದ ಹುಡುಗನ ಹತ್ರ ಓದಿಸಿದ್ರ ‘ಚಲೋ ಅದ’ ಅಂತಾನ, ಇಲ್ಲಂದ್ರ ಬರೇ ತಪ್ಪು ಹುಡುಕ್ತಾನ.

ಕೇಳುಗನ ಕೆಲಸ ಏನೆಂದು ನಾವು ಹೇಳಿಕೊಡದಿರುವುದರಿಂದ ಹೀಗಾಗುತ್ತದೆ. ಎರಡೇ ಕೆಲಸ ಕೊಡಿ. ಮೊದಲು, ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಬರೆದವನಿಗೆ ಮರಳಿ ಹೇಳಬೇಕು. ಹಾಗೆ ಹೇಳುವಾಗ ಅವನು ತಪ್ಪಿದ ಜಾಗದಲ್ಲೇ ಕಥೆ ಸಡಿಲವಾಗಿದೆ ಎಂದು ಬರೆದವನಿಗೆ ತಿಳಿಯುತ್ತದೆ, ಯಾರೂ ಯಾರನ್ನೂ ಟೀಕಿಸಬೇಕಾಗುವುದಿಲ್ಲ. ಆಮೇಲೆ, ನಿಜವಾಗಿ ತಿಳಿಯಬೇಕೆನಿಸಿದ ಒಂದು ಪ್ರಶ್ನೆ ಕೇಳಬೇಕು. ಹಾಳೆ ಬರೆದವನ ಕೈಯಲ್ಲೇ ಇರಬೇಕು. ಗೆಳೆಯನಿಗೆ ಕಿವಿ ಮಾತ್ರ. ಗೆಳೆಯ ಹೇಳಿದ್ದನ್ನೆಲ್ಲ ಒಪ್ಪಬೇಕೆಂಬ ನಿಯಮವೂ ಬೇಡ. ‘ಅವನು ಕೇಳಿದ, ಆದರೆ ನಾನು ಹೇಳುವುದಿಲ್ಲ, ಕೊನೆಗೆ ಗೊತ್ತಾಗಲಿ’ ಎಂದು ಒಬ್ಬ ಹುಡುಗಿ ಹಟ ಹಿಡಿದರೆ ಆಕೆ ಕಥೆ ಹೇಳುವುದನ್ನು ಕಲಿತಿದ್ದಾಳೆ ಎಂದೇ ಅರ್ಥ.

ನನ್ನ ಹತ್ರ ಐವತ್ತು ಮಕ್ಕಳು. ಕೆಲವೊಮ್ಮೆ ಎರಡು ತರಗತಿ ಒಂದೇ ಕೋಣ್ಯಾಗ. ಒಬ್ಬೊಬ್ಬರ ಹತ್ರ ಕೂಡ್ಲಿಕ್ಕ ಟೈಮ್ ಎಲ್ಲದ?

ಒಬ್ಬೊಬ್ಬರ ಹತ್ತಿರ ಕೂಡುವುದು 40 ನಿಮಿಷದ ಅವಧಿಯಲ್ಲಿ ಆಗದ ಮಾತು. ಒಂದು ಕಥೆಯನ್ನು ಇಡೀ ತರಗತಿ ಸೇರಿ ತಿದ್ದುವುದು ಇಂಥ ಶಾಲೆಗಳಲ್ಲಿ ಮುಖ್ಯ ಪಾಠವಾಗಬೇಕು, ಆ ಕಥೆಯ ಮಗುವಿನ ಒಪ್ಪಿಗೆ ಪಡೆದು. ಉಳಿದವರು ಅಂದು ಕಲಿತ ಒಂದೇ ಸಂಗತಿಯನ್ನು, ಉದಾಹರಣೆಗೆ ಯಾರೋ ಒಬ್ಬರ ಮಾತನ್ನು ಅವರ ಬಾಯಲ್ಲೇ ಹೇಳಿಸುವುದನ್ನು, ತಮ್ಮ ಹಾಳೆಯಲ್ಲಿ ಒಂದು ಕಡೆ ಮಾಡಿ ನೋಡಲಿ. ಆ ಹೊತ್ತಿನಲ್ಲಿ ಗುರುಗಳು ಸಾಲುಗಳ ನಡುವೆ ನಡೆಯುತ್ತಾ ನಾಲ್ಕೈದು ಮಕ್ಕಳ ಬಳಿ ಮಾತ್ರ ಒಂದೊಂದು ನಿಮಿಷ ನಿಲ್ಲಬಹುದು. ಮರುವಾರ ಬೇರೆ ನಾಲ್ಕೈದು. ಎರಡು ತರಗತಿಗಳು ಕೂಡಿರುವ ಕಡೆ ಅನುಕೂಲವೇ ಹೆಚ್ಚು: ಐದನೆಯವರು ಕಥೆ ಓದಲಿ, ನಾಲ್ಕನೆಯವರು ಪ್ರಶ್ನೆ ಕೇಳಲಿ. ಚಿಕ್ಕವರು ನಾಚಿಕೆಯಿಲ್ಲದೆ ಕೇಳುತ್ತಾರೆ.

ಬರೆದ ಎಲ್ಲಾ ಕಥೆಗಳನ್ನೂ ತಿದ್ದಿಸಬೇಕಾ?

ಬೇಡ. ನಾಲ್ಕು ಬರೆದರೆ ಒಂದನ್ನು, ಅದೂ ಮಗುವೇ ಆರಿಸಿಕೊಂಡದ್ದನ್ನು ತಿದ್ದಿದರೆ ಸಾಕು.

## ಭಾಷೆಯ ಪ್ರಶ್ನೆಗಳು

ನಮ್ಮ ಹುಡುಗರು ‘ಹೋಗ್ಯಾನ’, ‘ಬರ್ಲಿಕತ್ತಾನ’ ಅಂತ ಬರೀತಾರ. ತಿದ್ದಬೇಕೋ ಬಿಡಬೇಕೋ?

ಈ ಭಾಗದಲ್ಲಿ ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು, ಮತ್ತು ಒಂದೇ ಮಾತಿನ ಉತ್ತರ ಇದಕ್ಕಿಲ್ಲ.

ಮೊದಲ ಕರಡಿನಲ್ಲಿ ಮುಟ್ಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಹೋಗಿದ್ದಾನೆ’ ಎಂಬ ರೂಪವನ್ನು ಹುಡುಕುತ್ತಾ ಕೂತ ಮಗು ಎತ್ತು ಎಲ್ಲಿಗೆ ಹೋಯಿತೆಂಬುದನ್ನೇ ಮರೆಯುತ್ತದೆ. ತಿದ್ದುವ ಹಂತಕ್ಕೆ ಬಂದಾಗ ಕಥೆಯಲ್ಲಿ ಎರಡು ಬಗೆಯ ಮಾತಿರುವುದನ್ನು ತೋರಿಸಬೇಕು. ಪಾತ್ರಗಳು ಆಡುವ ಮಾತು ಒಂದು, ಕಥೆ ಹೇಳುವವನ ಮಾತು ಇನ್ನೊಂದು. ಪಾತ್ರದ ಮಾತು ಮನೆಯಲ್ಲಿ ಆಡಿದಂತೆಯೇ ಇರಬೇಕು. ಚಿತ್ತಾಪುರದ ಅಜ್ಜಿಯೊಬ್ಬಳು ‘ಎಲ್ಲಿಗೆ ಹೋಗುತ್ತಿದ್ದೀಯಾ ಮಗು?’ ಎಂದು ಕೇಳಿದಳೆಂದು ಬರೆದರೆ ಅದು ಆ ಅಜ್ಜಿಯ ಮಾತಲ್ಲ, ಪಠ್ಯಪುಸ್ತಕದ ಮಾತು. ಅದನ್ನು ‘ಎಲ್ಲಿಗಿ ಹೊಂಟಿದ್ಯೋ ತಮ್ಮಾ?’ ಎಂದು ತಿದ್ದಿಸುವುದೇ ಸರಿಯಾದ ತಿದ್ದುಪಡಿ. ಕಥೆ ಹೇಳುವವನ ಮಾತನ್ನು ಶಿಷ್ಟ ಕನ್ನಡದಲ್ಲಿ ಬರೆಯುವುದನ್ನು ಮಕ್ಕಳು ಕಲಿಯಲೇಬೇಕು, ಪರೀಕ್ಷೆಯೂ ಅದನ್ನು ಕೇಳುತ್ತದೆ. ಆದರೆ ದೊಡ್ಡ ತರಗತಿಯ ಮಗುವೊಂದು ಇಡೀ ಕಥೆಯನ್ನು ತನ್ನೂರ ಮಾತಿನಲ್ಲೇ ಹೇಳಲು ಆರಿಸಿಕೊಂಡರೆ, ಮೊದಲಿನಿಂದ ಕೊನೆಯವರೆಗೆ ಹಾಗೆಯೇ ಇದೆಯೇ ಎಂದು ನೋಡುವುದಷ್ಟೇ ನಮ್ಮ ಕೆಲಸ. ತಿಳಿದು ಆರಿಸುವುದು ಬೇರೆ, ಗೊತ್ತಿಲ್ಲದೆ ಬೆರಸುವುದು ಬೇರೆ.

ಮನೆಯಲ್ಲಿ ಉರ್ದು, ಲಂಬಾಣಿ, ಮರಾಠಿ, ತೆಲುಗು ಮಾತಾಡುವ ಮಕ್ಕಳೇ ಅರ್ಧ ತರಗತಿ ಇದ್ದಾರೆ. ಅವರಿಗೆ ಕನ್ನಡದಲ್ಲಿ ಬರೆಯುವುದೇ ಕಷ್ಟ, ತಿದ್ದುವುದೆಲ್ಲಿಂದ?

ಔರಾದ, ಭಾಲ್ಕಿಯ ಕಡೆ ಮರಾಠಿ, ಗುರುಮಠಕಲ್ಲಿನ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣಗಳಲ್ಲಿ ಉರ್ದು ಇರುವ ಈ ಸೀಮೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಇಂಥ ಮಕ್ಕಳು ಕಥೆಯನ್ನು ಮೊದಲು ಮನೆಮಾತಿನಲ್ಲಿ ಅದೇ ಭಾಷೆಯ ಗೆಳೆಯನಿಗೆ ಹೇಳಲಿ. ಕನ್ನಡದಲ್ಲಿ ಬರೆಯುವಾಗ ಪದ ಸಿಗದಿದ್ದರೆ ಮನೆಮಾತಿನ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯಲಿ. ಲಂಬಾಣಿಗೆ ತನ್ನದೇ ಆದ ಲಿಪಿ ಬಳಕೆಯಲ್ಲಿಲ್ಲದ್ದರಿಂದ ತಾಂಡಾದ ಮಕ್ಕಳಿಗೆ ಇದು ಸಲೀಸು. ತಿದ್ದುವ ದಿನ ಗೆರೆ ಎಳೆದ ಪದಗಳಿಗೆ ಕನ್ನಡ ಪದ ಹುಡುಕುವುದನ್ನು ಇಡೀ ತರಗತಿಯ ಕೆಲಸ ಮಾಡಿ, ಕೆಲವನ್ನು ಬೇಕೆಂದೇ ಉಳಿಸಿಕೊಳ್ಳಿ. ತಾಯಿಯನ್ನು ‘ಯಾಡಿ’ ಎಂದು ಕರೆಯುವ ಮಗುವಿನ ಕಥೆಯಲ್ಲಿ ಆಕೆ ಯಾಡಿಯಾಗಿಯೇ ಇರಲಿ. ‘ಅವ್ವ ಬಂದನು’ ಎಂಬಂಥ ಲಿಂಗದ ತಪ್ಪು, ವಿಭಕ್ತಿಯ ತಪ್ಪುಗಳು ಈ ಮಕ್ಕಳಲ್ಲಿ ಬಹಳ ಕಾಲ ಉಳಿಯುತ್ತವೆ. ಕಥೆಯ ಕೆಲಸವನ್ನು ಅವುಗಳಿಗಾಗಿ ನಿಲ್ಲಿಸಿದರೆ ಅದು ಎಂದೂ ಶುರುವಾಗುವುದಿಲ್ಲ.

‘ಆಮೇಲೆ, ಆಮೇಲೆ’ ಬಿಡಿಸೋದು ಹೆಂಗ್ರಿ?

ನಿಷೇಧಿಸಿದರೆ ‘ನಂತರ, ನಂತರ’ ಬರುತ್ತದೆ. ಬಾಯಲ್ಲಿ ಕಥೆ ಹೇಳುವವರು ‘ಮತ್ತ’, ‘ಆಮ್ಯಾಲ’ ಎಂದು ಉಸಿರು ತೆಗೆದುಕೊಳ್ಳುತ್ತಾರೆ, ಮಕ್ಕಳ ಬರಹಕ್ಕೆ ಅದು ಅಲ್ಲಿಂದಲೇ ಬಂದಿದೆ. ಎರಡು ಘಟನೆಗಳ ನಡುವಿನ ಸಂಬಂಧವನ್ನು ಹೇಳಲು ಕನ್ನಡದಲ್ಲಿ ಎಷ್ಟು ದಾರಿಗಳಿವೆ ಎಂದು ತೋರಿಸುವುದು ಉತ್ತಮ. ‘ಊಟ ಮಾಡಿದೆವು, ಆಮೇಲೆ ಎತ್ತು ಓಡಿತು’ ಎಂಬುದನ್ನು ‘ಊಟ ಮಾಡುವಾಗ’, ‘ಊಟಕ್ಕೆ ಕೂಡುವಷ್ಟರಲ್ಲಿ’, ‘ಊಟ ಮುಗಿಯುತ್ತಲೇ’, ‘ಇನ್ನೂ ಕೈತೊಳೆದಿರಲಿಲ್ಲ’ ಎಂದು ನಾಲ್ಕು ಬಗೆಯಲ್ಲಿ ಹಲಗೆಯ ಮೇಲೆ ಬರೆದು, ನಿಜವಾಗಿ ನಡೆದದ್ದು ಯಾವುದೆಂದು ಬರೆದ ಮಗುವನ್ನು ಕೇಳಿ. ಆಗ ಅದು ವ್ಯಾಕರಣದ ಅಭ್ಯಾಸವಾಗುವುದಿಲ್ಲ, ನೆನಪಿನ ಕೆಲಸವಾಗುತ್ತದೆ. ‘ಎದ್ದು, ತೊಳೆದು, ತಿಂದು, ಹೋಗಿ, ಆಡಿ, ಬಂದು’ ಎಂದು ಇಡೀ ದಿನವನ್ನು ಒಂದೇ ವಾಕ್ಯದಲ್ಲಿ ಪೋಣಿಸುವ ಹುಡುಗರೂ ಇರುತ್ತಾರೆ. ಅವರಿಗೆ ವಿರುದ್ಧ ಪಾಠ ಬೇಕು, ಮುಖ್ಯವಾದ ಕ್ರಿಯೆಯ ಬಳಿ ವಾಕ್ಯವನ್ನು ನಿಲ್ಲಿಸುವ ಪಾಠ.

## ಮುಂದಿನ ಹಂತದ ಪ್ರಶ್ನೆಗಳು

ಎಂಟು, ಒಂಬತ್ತನೇ ತರಗತಿಗೆ ಬಂದ ಮೇಲೆ ಇದಕ್ಕಿಂತ ಹೆಚ್ಚು ಏನು ಮಾಡಿಸಬಹುದು?

ಕಥೆಯ ಆಕಾರವನ್ನೇ ಬದಲಿಸಿ ನೋಡುವುದನ್ನು ಮಾಡಿಸಬಹುದು. ಎಲ್ಲಿಂದ ಶುರು ಮಾಡಬೇಕು ಎಂಬುದು ಮೊದಲ ಪ್ರಯೋಗ. ಹೆಚ್ಚಿನ ಮಕ್ಕಳ ಕಥೆ ಬೆಳಿಗ್ಗೆ ಏಳುವುದರಿಂದ ಶುರುವಾಗುತ್ತದೆ. ಕಣ್ಣಿ ಹರಿದ ಕ್ಷಣದಿಂದ ಶುರು ಮಾಡಿ, ಅಮಾವಾಸ್ಯೆಯ ವಿಷಯವನ್ನು ನಡುವೆ ತಂದರೆ ಏನಾಗುತ್ತದೆ ಎಂದು ನೋಡಲಿ. ಯಾರ ಕಣ್ಣಿನಿಂದ ಹೇಳಬೇಕು ಎಂಬುದು ಎರಡನೆಯದು. ಅದೇ ಘಟನೆಯನ್ನು ಅವ್ವ ಹೇಳಿದರೆ ಅದು ಮಗನ ಜೀವದ ಕಥೆಯಾಗುತ್ತದೆ, ಕಾಕಾ ಹೇಳಿದರೆ ತೊಗರಿ ಬೆಳೆಯ ಕಥೆ.

ಮುಕ್ತಾಯದ ವಿಷಯದಲ್ಲಿ ಎರಡು ರೋಗಗಳಿವೆ. ‘ಇದ್ದಕ್ಕಿದ್ದಂತೆ ಎಚ್ಚರವಾಯಿತು, ಅದು ಕನಸಾಗಿತ್ತು’ ಎಂಬುದು ಒಂದು. ಕಥೆಯನ್ನು ಕಟ್ಟಿಕೊಂಡು ಹೋಗಿ ಬಿಡಿಸಲಾರದಾದಾಗ ಮಕ್ಕಳು ಕನಸಿಗೆ ಓಡುತ್ತಾರೆ. ಇನ್ನೊಂದು ‘ಆದ್ದರಿಂದ ನಾವು ಯಾವಾಗಲೂ’ ಎಂದು ಹೊರಡುವ ನೀತಿ. ಇದನ್ನು ಕಲಿಸಿದವರು ನಾವೇ. ಕೊನೆಯ ಎರಡು ಸಾಲುಗಳನ್ನು ಕೈಯಿಂದ ಮುಚ್ಚಿ ಓದಲು ಹೇಳಿ. ಕಥೆ ಅಲ್ಲೇ ಮುಗಿದಿದ್ದರೆ ಉಳಿದದ್ದನ್ನು ತೆಗೆಯಬಹುದು.

ಇದಕ್ಕೆಲ್ಲ ಸಂಶೋಧನೆಯ ಆಧಾರ ಇದೆಯೇ? ಡಿ.ಇಡಿ. ನಿಯೋಜಿತ ಕಾರ್ಯಕ್ಕೆ ಬೇಕಾಗಿತ್ತು.

ಇದೆ, ಬಹಳ ಮಟ್ಟಿಗೆ ಇಂಗ್ಲಿಷ್ ಬರೆಯುವವರನ್ನು ಕುರಿತದ್ದು. ಅಮೆರಿಕದ ನ್ಯಾನ್ಸಿ ಸಾಮರ್ಸ್ ಅವರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ವಿದ್ಯಾರ್ಥಿಗಳು ತಿದ್ದುವುದೆಂದರೆ ಪದ ಬದಲಿಸುವುದೆಂದು ತಿಳಿದಿದ್ದರು, ಅನುಭವಿ ಬರಹಗಾರರು ಓದುಗನನ್ನು ಮನಸ್ಸಿನಲ್ಲಿಟ್ಟು ಬರಹದ ಇಡೀ ಆಕಾರವನ್ನು ಮರಳಿ ನೋಡುತ್ತಿದ್ದರು. 1981ರಲ್ಲಿ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಅವರು, ಯೋಚಿಸುವುದು, ಬರೆಯುವುದು, ಮರಳಿ ನೋಡುವುದು ಒಂದಾದ ಮೇಲೊಂದು ಬರುವ ಮೆಟ್ಟಿಲುಗಳಲ್ಲ, ಅವು ಒಂದರೊಳಗೊಂದು ನಡೆಯುತ್ತಿರುತ್ತವೆ ಎಂದು ತೋರಿಸಿದರು. ಕೆನಡಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲೀನ್ ಸ್ಕಾರ್ಡಮಾಲಿಯಾ ಅವರ ಕೆಲಸ ನಮಗೆ ಹೆಚ್ಚು ಉಪಯುಕ್ತ: ಏನೋ ಸರಿಯಿಲ್ಲ ಎಂದು ಮಕ್ಕಳಿಗೆ ಅನೇಕ ಸಲ ಗೊತ್ತಾಗುತ್ತದೆ, ಏನು ಸರಿಯಿಲ್ಲ, ಅದಕ್ಕೆ ಏನು ಮಾಡಬೇಕು ಎಂಬಲ್ಲಿ ಅವರು ಎಡವುತ್ತಾರೆ. ಗುರುಗಳ ನೆರವು ಬೇಕಾದದ್ದು ಅಲ್ಲಿ. ಇವನ್ನು ಓದಿ, ಆದರೆ ಎರಡು ಮೂರು ಭಾಷೆಗಳಲ್ಲಿ ಬದುಕುವ ನಮ್ಮ ಮಕ್ಕಳ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ನನ್ನ ಮಗಳ ನೋಟ್‌ಬುಕ್ ತುಂಬ ಕಾಟು ಹೊಡ್ದದ್ದೇ ಕಾಣ್ತದ. ಇದು ಎಂಥಾ ಕಲಿಸೋದು?

ಪಾಲಕರೊಬ್ಬರ ಪ್ರಶ್ನೆ, ಮತ್ತು ಅವರ ಆತಂಕ ನ್ಯಾಯವಾದದ್ದು, ಏಕೆಂದರೆ ನೋಟ್‌ಬುಕ್ಕಿನ ಅಂದವನ್ನೇ ನಾವು ಇಷ್ಟು ವರ್ಷ ಕಲಿಕೆಯ ಗುರುತಾಗಿ ತೋರಿಸಿದ್ದೇವೆ. ಕರಡಿಗೆ ಬೇರೆ ಪುಸ್ತಕ ಮಾಡಿಸಿ, ಪಾಲಕರ ಸಭೆಯಲ್ಲಿ ಒಂದೇ ಕಥೆಯ ಮೊದಲ ಕರಡು ಮತ್ತು ಕೊನೆಯ ಪ್ರತಿ ಎರಡನ್ನೂ ಓದಿ ಹೇಳಿದರೆ ವಾದಿಸಬೇಕಾಗುವುದಿಲ್ಲ. ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ಕಾವ್ಯದಲ್ಲಿ ಯಾವುದು ದೋಷ, ಯಾವುದು ದೋಷವಲ್ಲ ಎಂಬ ವಿಚಾರಕ್ಕೆ ಮೀಸಲು. ಬರೆದದ್ದನ್ನು ಮರಳಿ ಪರೀಕ್ಷಿಸುವುದು ಈ ನೆಲಕ್ಕೆ ಹೊಸದೇನಲ್ಲ ಎಂದು ಪಾಲಕರಿಗೆ ಹೇಳಬಹುದು.

ಅಂಕ ಹೆಂಗ ಕೊಡೋದು? ಮೊದಲನೇದಕ್ಕೋ, ತಿದ್ದಿದ್ದಕ್ಕೋ?

ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಮಗುವಿನ ಕೃತಿಸಂಪುಟದಲ್ಲಿಡಿ, ಕಲಿಕೆಯ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ನಡುವೆ ಆದ ಬದಲಾವಣೆಗೆ ಅಂಕ ಕೊಡಿ. ತಿದ್ದಿದ ಪ್ರತಿ ಮೊದಲಿಗಿಂತ ಸಪ್ಪೆಯಾಗಿರುವುದೂ ಉಂಟು. ಕಾರಣ ಕೇಳಿ, ಮಗು ಯೋಚಿಸಿ ಬದಲಿಸಿದ್ದರೆ ಅಂಕ ಕಡಿಮೆ ಮಾಡಬೇಡಿ.

ಮಗು ದುಃಖದ ಸಂಗತಿ ಬರೆದರೆ ಅದನ್ನೂ ತಿದ್ದಿಸಬೇಕಾ?

ತಂದೆ ತಾಯಿ ಮುಂಬೈ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗಿ, ಅಜ್ಜಿಯ ಬಳಿ ಉಳಿದ ಮಕ್ಕಳು ಈ ಮೂರೂ ಜಿಲ್ಲೆಗಳ ಶಾಲೆಗಳಲ್ಲಿದ್ದಾರೆ. ‘ನನಗೆ ನಡೆದ ಸಂಗತಿ’ ಎಂದು ವಿಷಯ ಕೊಟ್ಟಾಗ ಅವರು ಬಸ್ ನಿಲ್ದಾಣದಲ್ಲಿ ಅವ್ವನನ್ನು ಬೀಳ್ಕೊಟ್ಟದ್ದನ್ನು ಬರೆಯುತ್ತಾರೆ. ಮನೆಯಲ್ಲಿನ ಸಾವನ್ನು, ಕುಡಿತವನ್ನು, ಹೊಡೆತವನ್ನು ಬರೆಯುವವರೂ ಇದ್ದಾರೆ. ಅಂಥ ಬರಹವನ್ನು ಓದಿದ ಕೂಡಲೇ ಶಿಕ್ಷಕನ ಕೆಲಸವನ್ನು ಬದಿಗಿಟ್ಟು ಓದುಗನಾಗಿ ಒಂದು ಮಾತಾಡಬೇಕು. ‘ಆವಾಗ ಅವ್ವ ಏನಂದ್ಲು?’ ಎಂಬ ಮೇಲಿನ ಪ್ರಶ್ನೆಗಳೆಲ್ಲ ಇಲ್ಲಿ ಮಗುವನ್ನು ನೋಯಿಸಬಲ್ಲವು. ಇದರ ಮೇಲೆ ಇನ್ನೂ ಕೆಲಸ ಮಾಡಬೇಕೆಂದಿದೆಯೋ, ಹೀಗೆಯೇ ಇಡಬೇಕೆಂದಿದೆಯೋ ಎಂದು ಒಂಟಿಯಾಗಿ ಕೇಳಿ, ಅದರ ಉತ್ತರಕ್ಕೆ ಬದ್ಧರಾಗಿರಿ. ತರಗತಿಯಲ್ಲಿ ಓದಿಸಬೇಡಿ. ಕೆಲವು ಮಕ್ಕಳು ತಿಂಗಳುಗಳ ಬಳಿಕ ತಾವೇ ಆ ಹಾಳೆಯನ್ನು ಮರಳಿ ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಮಗು ಅಪಾಯದಲ್ಲಿದೆ ಎಂಬ ಸುಳಿವು ಬರಹದಲ್ಲಿದ್ದರೆ ಅದು ಬರವಣಿಗೆಯ ವಿಷಯವಾಗಿ ಉಳಿಯುವುದಿಲ್ಲ. ಮುಖ್ಯ ಗುರುಗಳಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಈಗ ಮೊಬೈಲಿಗೆ ಕೊಟ್ರ ಅದೇ ತಿದ್ದಿ ಕೊಡ್ತದಲ್ಲ?

ಕೊಡುತ್ತದೆ, ಮತ್ತು ಕಾಕಾನ ಕೈಯಲ್ಲಿನ ಸಜ್ಜೆ ರೊಟ್ಟಿಯನ್ನು ‘ಆಹಾರ’ ಎಂದು ತಿದ್ದಿ ಕೊಟ್ಟರೂ ಆಶ್ಚರ್ಯವಿಲ್ಲ. ತಿದ್ದಿದ ಕಥೆ ಸಿಗುತ್ತದೆ, ತಿದ್ದಲು ಬರುವ ಮಗು ಸಿಗುವುದಿಲ್ಲ. ಬರೆಯುವುದು ತೀರಾ ನಿಧಾನವಾಗಿರುವ ಮಗುವಿನ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅದನ್ನೇ ಕೇಳಿಸಿಕೊಂಡು ಹಾಳೆಯಲ್ಲಿ ಬಿಟ್ಟುಹೋದದ್ದನ್ನು ಸೇರಿಸಲು ಹೇಳುವುದು ಅದರ ಒಳ್ಳೆಯ ಬಳಕೆ.

ಎಷ್ಟು ಸಲ ತಿದ್ದಿದರೆ ಸಾಕು? ಕೆಲವು ಮಕ್ಕಳು ಬಿಡುವುದೇ ಇಲ್ಲ.

ಐದನೇ ತರಗತಿಯವರೆಗೆ ಕಥೆಗಾಗಿ ಒಂದು ಸಲ, ಕಾಗುಣಿತಕ್ಕಾಗಿ ಒಂದು ಸಲ ಸಾಕು. ದೊಡ್ಡವರಲ್ಲಿ ಬದಲಾವಣೆಗಳು ಪದಗಳ ಮಟ್ಟಕ್ಕೆ ಇಳಿದು, ನಿನ್ನೆ ತೆಗೆದ ಪದವನ್ನೇ ಇಂದು ಮರಳಿ ಹಾಕುತ್ತಿದ್ದರೆ ಕಥೆ ಮುಗಿದಿದೆ ಎಂದು ತಿಳಿಯಬೇಕು. ಬಿಡಲಾರದ ಮಗುವಿಗೆ ಓದುಗರನ್ನು ಒದಗಿಸಿಕೊಡಿ: ಗೋಡೆಪತ್ರಿಕೆಗೆ ಶನಿವಾರದೊಳಗೆ ಕೊಡಬೇಕೆಂದು ಹೇಳಿ, ಇಲ್ಲವೇ ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಗೆ ಅದನ್ನೇ ತಯಾರಿ ಮಾಡಿಸಿ. ಬಾಯಲ್ಲಿ ಹೇಳಿ ಬಂದ ಮೇಲೆ ಕಥೆ ಮತ್ತೆ ಬದಲಾಗಿದ್ದರೆ, ಆ ಹೊಸ ರೂಪವನ್ನು ಬರೆಯಬೇಕೋ ಬೇಡವೋ ಎಂಬುದನ್ನು ಮಗುವೇ ತೀರ್ಮಾನಿಸಲಿ.